ಬೀಗ ಹಾಕಿ ಊರಿಗೆ ಹೊರಟಾಗ ಅಕ್ವೇರಿಯಂ ಮೀನಿನ ಊಟ

ಐದಾರು ದಿನ ಮನೆಗೆ ಬೀಗ ಬಿದ್ದರೆ ಮೀನಿಗೆ ಕಾಳು ಹಾಕುವವರು ಯಾರು? ಯಾರೂ ಬೇಡ. ಚೆನ್ನಾಗಿ ತಿಂದುಂಡು ಬೆಳೆದ ಗಪ್ಪಿ, ಮೋಲಿ, ಏಂಜೆಲ್, ಗೋಲ್ಡ್ ಫಿಶ್ ಒಂದು ವಾರದ ಉಪವಾಸವನ್ನು ಸಲೀಸಾಗಿ ತಡೆದುಕೊಳ್ಳುತ್ತವೆ. ಆಸ್ಕರ್‌ನಂಥ ದೊಡ್ಡ ಮೀನು ಅದಕ್ಕಿಂತ ಹೆಚ್ಚೇ ತಡೆಯುತ್ತದೆ. ರಜೆಯಲ್ಲಿ ಸಾಯುವ ಮೀನುಗಳನ್ನು ಕೊಲ್ಲುವುದು ಹಸಿವಲ್ಲ, ಬಹಳ ಸಲ ತಿನ್ನದೆ ಉಳಿದ ಕಾಳು. ಅದು ತಳದಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಗಡಸು ಬೋರ್ ನೀರು ತುಂಬಿದ ಟ್ಯಾಂಕಿನಲ್ಲಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಹೆಚ್ಚಿದ್ದರೆ ಅಷ್ಟೇ ಅಮೋನಿಯಾ ಇನ್ನಷ್ಟು ವಿಷವಾಗುತ್ತದೆ, ನೀರು ಬಿಸಿಯಾದಷ್ಟೂ ಅದರ ವಿಷ ಏರುತ್ತದೆ.

ಈ ಲೆಕ್ಕ ಒಂದು ತಿಂಗಳೊಳಗಿನ ಮರಿಗಳಿಗೆ ಸಲ್ಲದು. ಅವಕ್ಕೆ ದಿನಕ್ಕೆ ಎರಡು ಮೂರು ಸಲ ಊಟ ಬೇಕು, ಆದ್ದರಿಂದ ಮರಿಗಳನ್ನು ಪುಟ್ಟ ಟ್ಯಾಂಕ್ ಸಮೇತ ಮೀನು ಸಾಕುವ ಗೆಳೆಯರ ಮನೆಗೆ ಬಿಟ್ಟು ಹೋಗಿ. ಬಡಕಲಾದ, ಕಾಯಿಲೆ ಬಿದ್ದ ಮೀನಿದ್ದರೂ ಉಪವಾಸ ಬೇಡ. ಹೊರಡುವ ಮೂರು ವಾರದೊಳಗೆ ಹೊಸ ಮೀನು ತರಬೇಡಿ. ಅದರ ಜೊತೆ ರೋಗ ಬಂದರೆ ನೋಡುವವರು ಇರುವುದಿಲ್ಲ.

ಎಂಟು ದಿನ ದಾಟಿದರೆ ಮಾತ್ರ ಊಟದ ಏರ್ಪಾಡು ಬೇಕು. ಬಾಜೂ ಮನೆಯವರಿಗೆ ಬೀಗದ ಕೈ ಕೊಡುವುದೇ ಒಳ್ಳೆಯ ದಾರಿ, ಆದರೆ ಕಾಳಿನ ಡಬ್ಬಿಯನ್ನು ಅವರ ಕೈಗೆ ಕೊಡಬೇಡಿ. ಮೀನು ಸಾಕದವರಿಗೆ ಚಿಟಿಕೆ ಎಂದರೆ ಒಂದು ಚಮಚ. ಹೊರಡುವ ಮೊದಲು ನೀವೇ ಅಳತೆ ತೆಗೆಯಿರಿ: ಒಂದೊಂದೇ ಚಿಟಿಕೆ ಹಾಕುತ್ತ, ಎರಡು ನಿಮಿಷದಲ್ಲಿ ಎಲ್ಲ ಮೀನು ಸೇರಿ ಎಷ್ಟು ಖಾಲಿ ಮಾಡುತ್ತವೆ ನೋಡಿ. ಅದರ ಅರ್ಧದಷ್ಟನ್ನು ಒಂದೊಂದು ಕಾಗದದ ಪೊಟ್ಟಣಕ್ಕೆ ಕಟ್ಟಿ, ಮೇಲೆ ತಾರೀಖು ಬರೆಯಿರಿ. ಮೂರು ದಿನಕ್ಕೊಂದು ಪೊಟ್ಟಣದಂತೆ ಹನ್ನೆರಡು ದಿನಕ್ಕೆ ನಾಲ್ಕು ಸಾಕು. ಮಾತ್ರೆ ಇಡುವ ಏಳು ಖಾನೆಯ ಡಬ್ಬಿಯೂ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಉಳಿದ ಡಬ್ಬಿಯನ್ನು ಕಪಾಟಿನೊಳಗೆ ಇಟ್ಟು ಬೀಗ ಹಾಕಿ. ಟ್ಯಾಂಕಿನ ಗಾಜಿಗೆ ಒಂದು ಚೀಟಿ ಅಂಟಿಸಿ: ‘ಕಾಕಾ, ತಾರೀಖು ನೋಡಿ ಒಂದ ಪೊಟ್ಟಣ ಹಾಕ್ರಿ. ಮೀನ ಮ್ಯಾಲ ಬಂದು ಬಾಯಿ ತಗದ್ರ ಹಸಿವಿ ಅಲ್ರಿ, ಗಾಳಿ ಸಾಲವಲ್ದು. ಪಂಪ್ ನಡದೈತೇನ್ ನೋಡಿ ಫೋನ್ ಮಾಡ್ರಿ.’

ಈ ಕೊನೆಯ ಮಾತನ್ನು ಬಾಯಲ್ಲೂ ಹೇಳಿ, ತೋರಿಸಿಯೂ ಕೊಡಿ. ಉಸಿರು ಸಾಲದ ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತದೆ. ನೋಡಿದವರು ಹಸಿದಿದೆ ಎಂದು ಮರುಗಿ ಇನ್ನೊಂದು ಹಿಡಿ ಹಾಕಿದರೆ, ಕೊಳೆಯುವ ಆ ಕಾಳು ಇದ್ದ ಆಮ್ಲಜನಕವನ್ನೂ ಕಸಿಯುತ್ತದೆ.

ಯಾರೂ ಸಿಗದಿದ್ದರೆ ಆಟೋ ಫೀಡರ್, ಅಂದರೆ ಹೊತ್ತಿಗೆ ಸರಿಯಾಗಿ ತಾನೇ ಕಾಳು ಉದುರಿಸುವ ಯಂತ್ರ. ತಿರುಗುವ ಡ್ರಮ್ಮಿನ ಅಗ್ಗದ ಫೀಡರ್ ಸಾಕು, ಆದರೆ ಹೊರಡುವ ಹಿಂದಿನ ರಾತ್ರಿ ಕೂಡಿಸಬೇಡಿ. ಒಂದು ವಾರ ಮೊದಲೇ ಹೊಸ ಸೆಲ್ ಹಾಕಿ, ಕೆಳಗೆ ಬಿಳಿ ಕಾಗದ ಹಾಸಿ, ಒಂದು ಸುತ್ತಿಗೆ ಎಷ್ಟು ಕಾಳು ಬೀಳುತ್ತದೆ ಎಣಿಸಿ. ಡ್ರಮ್ ತುಂಬಿದ್ದಾಗ ಒಂದು ಅಳತೆ, ಅರ್ಧವಾದಾಗ ಇನ್ನೊಂದು ಅಳತೆ ಬೀಳುತ್ತದೆ, ಎರಡನ್ನೂ ನೋಡಿಕೊಳ್ಳಿ. ಕಿಂಡಿಯನ್ನು ಅತಿ ಸಣ್ಣದಕ್ಕೆ ಇಡಿ. ಫ್ಲೇಕ್ (ತೆಳು ಹಪ್ಪಳದ ಚೂರಿನಂಥ ಕಾಳು) ಬೇಡ, ಒಂದು ಮಿಲಿಮೀಟರಿನ ಒಣ ಗುಂಡುಕಾಳು ಹಾಕಿ. ಫ್ಲೇಕ್ ಟ್ಯಾಂಕಿನ ಆವಿಗೆ ಮೆತ್ತಗಾಗಿ ಕಿಂಡಿಯಲ್ಲಿ ಕಚ್ಚಿಕೊಳ್ಳುತ್ತದೆ, ಬೆಳಗಾವಿಯ ಜುಲೈ ಮಳೆಯಲ್ಲಂತೂ ಎರಡೇ ದಿನಕ್ಕೆ. ಗಾಳಿಗುಳ್ಳೆ ಏಳುವ ಜಾಗದ ನೇರ ಮೇಲೆ ಫೀಡರ್ ಕೂಡಿಸಬೇಡಿ, ತೇವ ಏರುವುದು ಅಲ್ಲೇ ಹೆಚ್ಚು.

ಶಂಖದ ಆಕಾರದಲ್ಲಿ ಸಿಗುವ ಬಿಳಿ ರಜೆ-ಬಿಲ್ಲೆಗಳನ್ನು, ಅಂದರೆ ನೀರಿನಲ್ಲಿ ಮೆಲ್ಲಗೆ ಕರಗುವ ಊಟದ ಗಟ್ಟಿಗಳನ್ನು, ಹಾಕಿ ಎಂದು ನಾವು ಹೇಳುವುದಿಲ್ಲ. ಒಂದೂವರೆ ಅಡಿ ಟ್ಯಾಂಕಿನಲ್ಲಿ ಅವು ಕರಗುತ್ತ ನೀರು ಮಬ್ಬಾಗುತ್ತದೆ, ಮೀನು ಮೂಸದ ತುಣುಕು ತಳದಲ್ಲಿ ಕೊಳೆಯುತ್ತದೆ.

ಬೇಸಿಗೆ ರಜೆಯಾದರೆ ಊಟಕ್ಕಿಂತ ಗಾಳಿಯ ಚಿಂತೆ ದೊಡ್ಡದು. ಕಿಟಕಿ ಮುಚ್ಚಿದ ಮನೆಯಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಟ್ಯಾಂಕಿನ ನೀರು 32 ಡಿಗ್ರಿ ದಾಟಬಹುದು. 25 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 32ರಲ್ಲಿ 7ಕ್ಕೆ ಸಮೀಪ, ಅದೇ ಹೊತ್ತಿಗೆ ಮೀನಿಗೆ ಬೇಕಾಗುವ ಉಸಿರು ಹೆಚ್ಚುತ್ತದೆ. ಬಿಸಿಲು ಬೀಳುವ ಕಡೆ ಪರದೆ ಎಳೆಯಿರಿ, ಗಾಜಿನ ಮುಚ್ಚಳ ತೆಗೆದು ಸೊಳ್ಳೆ ಪರದೆಯ ಬಟ್ಟೆ ಬಿಗಿಯಿರಿ, ಗಿಡವಿಲ್ಲದ ಟ್ಯಾಂಕಿನ ದೀಪ ಆರಿಸಿ. ಹೀಗೆ ತೆರೆದರೆ ನೀರು ಬೇಗ ಇಂಗುತ್ತದೆ, ಅದಕ್ಕೇ ಈಗಿನ ನೀರಿನ ಮಟ್ಟಕ್ಕೆ ಗಾಜಿನ ಮೇಲೆ ಒಂದು ಟೇಪ್ ಅಂಟಿಸಿ. ಟೇಪಿನಿಂದ ಎರಡು ಬೆರಳು ಇಳಿದಾಗ ಸೇರಿಸಲು, ಒಂದು ದಿನ ಬಾಯಿ ತೆರೆದಿಟ್ಟ ನೀರು ಎರಡು ಬಕೆಟ್ ಪಕ್ಕದಲ್ಲಿರಲಿ.

ನೀರು ಇಳಿದರೆ ಇನ್ನೊಂದು ಕೇಡು. ಟ್ಯಾಂಕಿನ ಅಂಚಿಗೆ ತೂಗುವ ಫಿಲ್ಟರ್ ಕರೆಂಟ್ ಹೋಗಿ ಬಂದ ಮೇಲೆ ನೀರು ಎಳೆಯಲಾರದೆ ಬರಿದೇ ಗುಂಯ್‌ಗುಡುತ್ತದೆ. ಕರೆಂಟ್ ಹೋದಾಗ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಒಂದಿರಲಿ. ಇನ್ವರ್ಟರ್ ಇದ್ದರೆ ಅದರ ಸಾಲಿನ ಸಾಕೆಟ್ಟಿಗೇ ಸಣ್ಣ ಏರ್ ಪಂಪ್ ಜೋಡಿಸಿ, ಅದು ಐದು ವ್ಯಾಟ್ ಕೂಡ ಎಳೆಯುವುದಿಲ್ಲ. ಪಂಪ್ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲವೇ ಪೈಪಿಗೆ ನಾನ್-ರಿಟರ್ನ್ ವಾಲ್ವ್ ಬೇಕು. ಎರಡೂ ಇಲ್ಲದಿದ್ದರೆ ಪಂಪ್ ನಿಂತಾಗ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿದು ಪಂಪನ್ನೂ ನೆಲವನ್ನೂ ತೋಯಿಸುತ್ತದೆ.

ಹೊರಡುವ ಎರಡು ದಿನ ಮೊದಲು ಕಾಲು ಭಾಗ ನೀರು ಬದಲಿಸಿ. ಫಿಲ್ಟರಿನ ಸ್ಪಂಜನ್ನು ಒಂದು ವಾರ ಮೊದಲೇ, ಟ್ಯಾಂಕಿನಿಂದ ತೆಗೆದ ನೀರಿನಲ್ಲಿ ಹಿಂಡಿ. ನಲ್ಲಿಯ ಕ್ಲೋರಿನ್ ನೀರಿನಲ್ಲಿ ತೊಳೆದರೆ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಸಾಯುತ್ತವೆ. ಕೊನೆಯ ದಿನ ‘ಹೊಟ್ಟೆ ತುಂಬಿಸಿ ಹೋಗೋಣ’ ಎಂದು ಹೆಚ್ಚು ಹಾಕಬೇಡಿ, ದಿನದ ಅಳತೆಯೇ ಸಾಕು.

ವಾಪಸ್ ಬಂದ ಕೂಡಲೇ ಕಾಳಿನ ಡಬ್ಬಿಗೆ ಕೈ ಹಾಕಬೇಡಿ. ಮೊದಲು ಮೀನು ಎಣಿಸಿ, ಗಿಡದ ಸಂದಿಯಲ್ಲಿ ಸತ್ತದ್ದಿದ್ದರೆ ತೆಗೆಯಿರಿ, ನೀರು ಮೂಸಿ ನೋಡಿ. ವಾಸನೆಯಿದ್ದರೆ ಅಥವಾ ಮಬ್ಬಾಗಿದ್ದರೆ ಕಾಲು ಭಾಗ ನೀರು ಬದಲಿಸಿ, ಊಟ ಮರುದಿನಕ್ಕೆ. ನೀರು ತಿಳಿಯಾಗಿದ್ದರೆ ಆ ಸಂಜೆ ಅರ್ಧ ಅಳತೆ ಕಾಳು ಹಾಕಿ.