ಲಂಡನ್ನಿನ ಪಟ್ನಿ ಕ್ಷೇತ್ರದ ಚುನಾವಣಾ ಚರಿತ್ರೆ ಓದುವುದು ಹೇಗೆ?

2017ರಲ್ಲಿ ನಮ್ಮ ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಪಟ್ನಿಯಲ್ಲಿ ಲೇಬರ್ ಪಕ್ಷದಿಂದ ನಿಂತಿದ್ದರು. ಕನ್ಸರ್ವೇಟಿವ್ ಪಕ್ಷದ ಜಸ್ಟಿನ್ ಗ್ರೀನಿಂಗ್ ಎದುರು 1,554 ಮತಗಳಿಂದ ಸೋತರು. ನನಗೆ ಈ ಕ್ಷೇತ್ರದ ಹುಚ್ಚು ಹಿಡಿದದ್ದು ಆಗ.

ಮೊದಲು ಒಂದು ಹಾಳೆಯಲ್ಲಿ ವರ್ಷ, ಗೆದ್ದವರು, ಅಂತರ ಅಂತ ಗೆರೆ ಎಳೆಯಿರಿ. ಅಂತರವನ್ನು ಒಂಟಿಯಾಗಿ ನೋಡಬೇಡಿ. 2015ರಲ್ಲಿ ಇದೇ ಗ್ರೀನಿಂಗ್ 10,180 ಮತಗಳಿಂದ ಗೆದ್ದಿದ್ದರು. ಅದರ ಪಕ್ಕ 1,554 ಬರೆದು ನೋಡಿ, ಪಾಟೀಲರ ಸೋಲು ಬೇರೆಯೇ ಕಾಣುತ್ತದೆ, ಅಲ್ವಾ? ನಡುವೆ 2016ರ ಬ್ರೆಕ್ಸಿಟ್ ಜನಮತ ಬಂದಿತ್ತು. ಪಟ್ನಿ ಇರುವ ವಾಂಡ್ಸ್‌ವರ್ತ್‌ನಲ್ಲಿ ಸುಮಾರು 75% ಜನ ಯುರೋಪಿನ ಜೊತೆ ಇರೋಣ ಎಂದಿದ್ದರು.

ಮುಂದೆ ಇನ್ನೊಂದು ಕಾಲಂ ಸೇರಿಸಿ: ಆ ವರ್ಷ ದೇಶದ ಸರ್ಕಾರ ಬದಲಾಯಿತೇ? ನನಗೆ ಜಾಸ್ತಿ ಇಷ್ಟವಾದ ಕಾಲಂ ಇದೇ. 1918ರಲ್ಲಿ ಹುಟ್ಟಿದ ಕ್ಷೇತ್ರ 1964ರವರೆಗೂ ಕನ್ಸರ್ವೇಟಿವ್ ಕೋಟೆ. 1964ರಲ್ಲಿ ಲೇಬರ್‌ಗೆ, 1979ರಲ್ಲಿ ಕನ್ಸರ್ವೇಟಿವ್‌ಗೆ, 1997ರಲ್ಲಿ ಮತ್ತೆ ಲೇಬರ್‌ಗೆ, ದೇಶದ ಜೊತೆಗೇ ಪಟ್ನಿಯೂ ತಿರುಗಿತು. 1970ರಲ್ಲಿ ದೇಶ ತಿರುಗಿದರೂ ಲೇಬರ್‌ನ ಹ್ಯೂ ಜೆಂಕಿನ್ಸ್ ಅಲುಗಾಡಲಿಲ್ಲ. 2005ರಲ್ಲಿ ಲೇಬರ್ ಸರ್ಕಾರ ಉಳಿಯಿತು, ಪಟ್ನಿ ಮಾತ್ರ ಗ್ರೀನಿಂಗ್ ಅವರನ್ನು ಆರಿಸಿತು. 2019ರಲ್ಲಿ ಇದೇ ಆಟ ಉಲ್ಟಾ. ಗ್ರೀನಿಂಗ್ ಕಣಕ್ಕಿಳಿಯಲಿಲ್ಲ. ಲೇಬರ್ ದೇಶದುದ್ದಕ್ಕೂ ನೆಲಕಚ್ಚಿದ ಆ ವರ್ಷ, ಅದು ಬೇರೆಯವರಿಂದ ಕಿತ್ತುಕೊಂಡ ಒಂದೇ ಸೀಟು ಪಟ್ನಿ. ಫ್ಲರ್ ಆಂಡರ್ಸನ್ 4,774 ಮತಗಳಿಂದ ಗೆದ್ದರು.

ಕ್ಷೇತ್ರದ ಗಡಿ ಆಗಾಗ ಬದಲಾಗುತ್ತದೆ. ದೂರದ ಎರಡು ಚುನಾವಣೆಗಳನ್ನು ಹೋಲಿಸುವ ಮುಂಚೆ ಅದನ್ನು ನೋಡಿಕೊಳ್ಳಿ.

ಕೊನೆಗೆ, ಮೂರನೆಯವರು, ನಾಲ್ಕನೆಯವರು. "ಅವನು ಮತ ಒಡೆದ, ಇವನು ಸೋತ" ಅಂತ ಸುಮ್ನೆ ಹೇಳಿಬಿಡುತ್ತಾರೆ. 1997ರಲ್ಲಿ ಕನ್ಸರ್ವೇಟಿವ್ ಪಕ್ಷದ ಮಾಜಿ ಸಚಿವ ಡೇವಿಡ್ ಮೆಲರ್ ಸೋತಾಗಲೂ ಎಲ್ಲರ ಕಣ್ಣು ಸಿರಿವಂತ ಜೇಮ್ಸ್ ಗೋಲ್ಡ್‌ಸ್ಮಿತ್ ಮೇಲಿತ್ತು. ಯುರೋಪಿನ ವಿಷಯಕ್ಕೆ ಹೊಸ ಪಕ್ಷವನ್ನೇ ಕಟ್ಟಿದ್ದ ಅವರು, ಫಲಿತಾಂಶದ ವೇದಿಕೆಯಲ್ಲೇ ಚಪ್ಪಾಳೆ ತಟ್ಟಿ ಮೆಲರ್ ಅವರನ್ನು ಗೇಲಿ ಮಾಡಿದರು. ಲೆಕ್ಕ ಹಾಕಿ. ಅಂತರ 2,976. ಗೋಲ್ಡ್‌ಸ್ಮಿತ್‌ಗೆ ಬಿದ್ದದ್ದು 1,518. ಅಷ್ಟೂ ಮೆಲರ್‌ಗೇ ಹೋಗಿದ್ದರೂ ಅವರು ಗೆಲ್ಲುತ್ತಿರಲಿಲ್ಲ. ಅಲ್ಲಿ ಠೇವಣಿ ಉಳಿಯಲು 5% ಮತ ಸಾಕು, ನಮ್ಮಲ್ಲಿನಂತೆ ಆರರಲ್ಲಿ ಒಂದು ಪಾಲು ಬೇಕಿಲ್ಲ. ಗೋಲ್ಡ್‌ಸ್ಮಿತ್ ಅದನ್ನೂ ಕಳೆದುಕೊಂಡರು.