‘ಆಯ್ತು ಸಾರ್’ ಅನ್ನೋದು ನಿಂತ ಮೇಲೆ ಬೆಳೆ ಕೈಗೆ ಬಂತು

ಶಿಡ್ಲಘಟ್ಟದ ಹತ್ತಿರ ಚಾಕಿ ಕೇಂದ್ರ ನಡೆಸುತ್ತಿದ್ದೇನೆ. ಚಾಕಿ ಅಂದರೆ ರೇಷ್ಮೆ ಹುಳದ ಮರಿ, ಅದನ್ನ ಸಾಕಿ ರೈತರಿಗೆ ಕೊಡೋದು ನಮ್ಮ ಕೆಲಸ. ಎರಡನೇ ಜ್ವರದ (ಹುಳ ತಿನ್ನೋದು ಬಿಟ್ಟು ಪೊರೆ ಕಳಚೋದಕ್ಕೆ ಜ್ವರ ಅಂತೀವಿ) ಹುಳ ಕೊಟ್ಟರೆ ನಮ್ಮ ಕೆಲಸ ಮುಗಿಯಿತು ಅಂತ ಕೆಲವರು ಅಂದುಕೊಳ್ಳುತ್ತಾರೆ. ಮುಗಿಯಲ್ಲ. ಬೆಳೆ ಕೆಟ್ಟರೆ ‘ಚಾಕಿನೇ ಸರಿಯಿರಲಿಲ್ಲ’ ಅಂತಾರೆ, ದುಡ್ಡು ನಿಲ್ಲುತ್ತೆ. ಮೂರು ವರ್ಷದ ಹಿಂದೆ ನನಗೆ ಹೀಗೆ ನಿಂತಿದ್ದು 1.75 ಲಕ್ಷದ ಹತ್ತಿರ.

ಆಗ ನಾನು ಮನೆ ಮನೆಗೆ ಹೋಗಿ ಪಾಠ ಮಾಡುತ್ತಿದ್ದೆ. ಹುಳದ ಮನೆ ಬಾಗಿಲಲ್ಲಿ ನಿಂತು, ‘ಎಷ್ಟು ಸಲ ಹೇಳಬೇಕು ನಿಮಗೆ?’ ಅಂತಿದ್ದೆ. ಯಾರೂ ಜಗಳ ಆಡಲಿಲ್ಲ. ‘ಆಯ್ತು ಸಾರ್’ ಅಂದರು. ಬೇಗ ಹೊರಡು ಅನ್ನೋದನ್ನ ಮರ್ಯಾದೆಯಿಂದ ಹೇಳುತ್ತಿದ್ದರು. ಇದು ಅರ್ಥ ಆಗೋಕೆ ಎರಡು ಬೇಸಿಗೆ ಹಿಡಿಯಿತು. ಓದಿದ ಹುಡುಗ ಒಬ್ಬ ಮಾತ್ರ ಬೇರೆ ಕಡೆ ಚಾಕಿ ತಂದ, ಜೊತೆಗೆ ನಾಲ್ಕು ಮನೆ ಕರ್ಕೊಂಡು ಹೋದ.

ತಕರಾರು ಮೂರನೇ ಜ್ವರದ್ದು. ಜ್ವರದಿಂದ ಪೂರ್ತಿ ಹುಳ ಏಳುವ ಮುಂಚೆಯೇ ಹಿಪ್ಪುನೇರಳೆ ಸೊಪ್ಪು ಹಾಕಿಬಿಡುತ್ತಿದ್ದರು. ಮುಂದಿನದು ನಿಮಗೆ ಗೊತ್ತಲ್ವಾ? ಒಂದು ಕಡೆ ಹಣ್ಣಾಗಿ ಗೂಡು ಕಟ್ಟೋಕೆ ನಿಂತ ಹುಳ, ಪಕ್ಕದಲ್ಲೇ ಇನ್ನೂ ತಿನ್ನೋ ಹುಳ. ಬೈದೆ. ವಾಟ್ಸಾಪಲ್ಲಿ ವಾಯ್ಸ್ ಕಳಿಸಿದೆ. ಚೀಟಿ ಅಚ್ಚು ಹಾಕಿಸಿ ಹಂಚಿದೆ, 3,000 ದಂಡ.

ಕೊನೆಗೆ ಒಂದು ಮನೆಯಲ್ಲಿ ಸುಮ್ನೆ ಕೇಳಿದೆ, ‘ಅಮ್ಮ, ಇಷ್ಟು ಬೇಗ ಯಾಕೆ ಹಾಕ್ತೀರ?’ ಅಲ್ಲಿವರೆಗೆ ನಾನು ಮಾತಾಡುತ್ತಿದ್ದದ್ದು ಯಜಮಾನರ ಜೊತೆ. ಸೊಪ್ಪು ಹಾಕುತ್ತಿದ್ದದ್ದು ಈ ಅಮ್ಮ. ಎದ್ದ ಹುಳ ಒಂದನ್ನ ಅಂಗೈ ಮೇಲೆ ಇಟ್ಟುಕೊಂಡು ತೋರಿಸಿದರು. ‘ತಲೆ ಎತ್ತಿ ಹುಡುಕ್ತಾ ಇದೆ ನೋಡಪ್ಪ. ಎಲ್ಲಾ ಏಳ್ಲಿ ಅಂತ ಕಾಯ್ಬೇಕು, ನಂಗೂ ಗೊತ್ತು. ಕೂಲಿಯೋರು ಎಂಟು ಗಂಟೆಗೆ ಸೊಪ್ಪು ಕಡಿದು ಹೊರಟೋಗ್ತಾರೆ. ಮಧ್ಯಾಹ್ನಕ್ಕೆ ಬಾಡಿದ್ರೆ ಹುಳ ತಿನ್ನುತ್ತಾ?’

ಒದ್ದೆ ಗೋಣಿ ಮುಚ್ಚಿಡೋದೂ ಅವರಿಗೆ ಗೊತ್ತಿತ್ತು, ನೆರಳಿರೋ ಜಾಗ ಇರಲಿಲ್ಲ. ಇಬ್ಬರೂ ಸೇರಿ ನೀರಿನ ತೊಟ್ಟಿ ಪಕ್ಕ ಒಂದು ಮೂಲೆ ಮಾಡಿದೆವು. ಖರ್ಚು 500 ಆಗಿರಬಹುದು. ಆ ಸಲ ಹುಳ ಒಂದೇ ಸಮ ಹಣ್ಣಾಯಿತು.

ಅಂದಿನಿಂದ ಮೊದಲು ನಾನೇ ಕೈಕಾಲು ತೊಳೆದು, ಬ್ಲೀಚಿಂಗ್ ನೀರು ತುಳಿದು ಒಳಗೆ ಹೋಗುತ್ತೇನೆ. ಶುಚಿ ಬಗ್ಗೆ ಭಾಷಣ ಇಲ್ಲ. ಸೊಪ್ಪು ಹಾಕೋರನ್ನೇ ಕೇಳುತ್ತೇನೆ, ಅವರು ಮುಗಿಸೋವರೆಗೆ ಬಾಯಿ ತೆರೆಯಲ್ಲ. ಆಮೇಲೆ ಕೇಳೋ ಇನ್ನೊಂದು ಪ್ರಶ್ನೆ ಇದೆ. ಅದು ಕಸುಬಿನ ಗುಟ್ಟು, ಇಲ್ಲಿ ಬರೆಯಲ್ಲ.

ನಡುವೆ ಜಾಸ್ತಿ ನಯವಾಗಿ ಮಾತಾಡಿಯೂ ನೋಡಿದೆ. ‘ಎಷ್ಟು ಚೆನ್ನಾಗಿ ಮಾಡಿದ್ದೀರಮ್ಮ, ಭೇಷ್’ ಅಂತ. ಬೈಯೋದಕ್ಕಿಂತ ಕೆಟ್ಟದು ಅದು. ಒಬ್ಬರು ಮುಖಕ್ಕೇ ಹೇಳಿದರು, ‘ಮಗೂಗೆ ಹೇಳ್ದಂಗೆ ಹೇಳಬೇಡಪ್ಪ.’ ಅವತ್ತೇ ಬಿಟ್ಟೆ.

‘ಹಿಂಗೆ ಕೇಳ್ತಾ ಕೂತ್ರೆ ತಲೆ ಮೇಲೆ ಹತ್ತಿ ಕೂರ್ತಾರೆ’ ಅಂತ ಜೊತೆಯ ಚಾಕಿಯವರು ಅಂದಿದ್ದರು. 26 ಮನೆಗೆ ಇಳಿದಿದ್ದ ನನ್ನ ಕೇಂದ್ರ ಈಗ 65 ದಾಟಿದೆ. 100 ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳನ್ನೆಲ್ಲಾ ಸೇರಿಸಿ ಒಂದು ಅಂತ ಲೆಕ್ಕ) 50 ಕೆ.ಜಿ. ಗೂಡು ತೆಗೆಯುತ್ತಿದ್ದವರು 65ರ ಆಸುಪಾಸಿಗೆ ಬಂದಿದ್ದಾರೆ. ಸಮ ಇರೋ ಗೂಡಿಗೆ ಮಾರುಕಟ್ಟೆಯಲ್ಲಿ ರೇಟೂ ಬೇರೆ. ಬಾಕಿಯಲ್ಲಿ 1.3 ಲಕ್ಷ ವಾಪಸ್ ಬಂತು, ಒಬ್ಬರನ್ನೂ ಪೀಡಿಸಲಿಲ್ಲ.

ಆ ಹುಡುಗನ ಮನೆಗೂ ಹೋಗಿ ಕೂತು ಬಂದೆ. ತಪ್ಪು ನನ್ನದು ಅಂದೆ. ಟೀ ಕೊಟ್ಟ. ಚಾಕಿ ಮಾತ್ರ ಇನ್ನೂ ಬೇರೆ ಕಡೆಯಿಂದಲೇ ತರುತ್ತಾನೆ.