ಕಾರ್ಬನ್ ದುಡ್ಡು ಕೆರೆಗೆ ಬರಲ್ಲ, ಮರಕ್ಕೆ ಬರುತ್ತದೆ

ನಮ್ಮದು ಗುಡಿಬಂಡೆ ತಾಲ್ಲೂಕು. ಊರ ಕೆರೆ ಸಣ್ಣದು, ತೂಬು ಒಂದೇ. ಗುಡ್ಡದಿಂದ ಇಳಿಯುವ ರಾಜಕಾಲುವೆ ಮೂರು ಕಡೆ ಮುಚ್ಚಿಹೋಗಿತ್ತು. ಜಲಾನಯನ ಸಮಿತಿಗೆ ನನ್ನನ್ನು ಕಾರ್ಯದರ್ಶಿ ಮಾಡಿದ್ದು ನನಗೆ ಕಂಪ್ಯೂಟರ್ ಬರುತ್ತದೆ ಅನ್ನೋ ಒಂದೇ ಕಾರಣಕ್ಕೆ. ಬದು, ಟ್ರೆಂಚು, ಕೃಷಿಹೊಂಡಕ್ಕೆ ನರೇಗಾ ಇತ್ತು. ಆಮೇಲೆ ಅವನ್ನು ನೋಡಿಕೊಳ್ಳೋಕೆ ಏನೂ ಇರಲಿಲ್ಲ. ಚೆಕ್‌ಡ್ಯಾಂ ಕಟ್ಟುವುದಕ್ಕೆ ದುಡ್ಡು ಸಿಗುತ್ತದೆ, ಅದರ ಹೂಳು ತೆಗೆಯುವುದಕ್ಕೆ ಯಾರನ್ನು ಕೇಳೋಣ?

ಕಾರ್ಬನ್ ದುಡ್ಡಿನ ಸುದ್ದಿ ನಮಗೆ ಬಂದಿದ್ದು ಪಕ್ಕದ ಬಾಗೇಪಲ್ಲಿಯಿಂದ. ಅಲ್ಲಿನ ಕೂಲಿ ಸಂಘದವರು 2005ರಲ್ಲೇ ವಿಶ್ವಸಂಸ್ಥೆಯ ಸಿಡಿಎಂ ಎಂಬ, ಹೊಗೆ ಕಡಿಮೆ ಮಾಡುವ ಯೋಜನೆಗಳಿಗೆ ಕ್ರೆಡಿಟ್ ಕೊಡುವ ವ್ಯವಸ್ಥೆಯಲ್ಲಿ ಬಯೋಗ್ಯಾಸ್ ಯೋಜನೆ ನೋಂದಾಯಿಸಿದ್ದರು. 2 ಘನ ಮೀಟರಿನ 5,500 ಘಟಕಗಳ ಯೋಜನೆ ಅದು. ಸೌದೆ, ಸೀಮೆಎಣ್ಣೆ ಉಳಿದಷ್ಟು ಹೊಗೆ ಕಡಿಮೆ, ಆ ಕಡಿಮೆಯಾದ ಲೆಕ್ಕವೇ ಮಾರಾಟದ ಸರಕು. ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಒಂದು ಕ್ರೆಡಿಟ್. ತಮ್ಮ ಹೊಗೆಗೆ ಲೆಕ್ಕ ಹೊಂದಿಸಬೇಕಾದ ಕಂಪನಿಗಳು ಅದನ್ನು ಕೊಳ್ಳುತ್ತವೆ.

ಇದನ್ನು ಕೇಳಿಕೊಂಡು ಬಂದು ನಾನು ಸಭೆಯಲ್ಲಿ ಎದ್ದು ಹೇಳಿಬಿಟ್ಟೆ: "ಕೆರೆ ಹೂಳೆತ್ತೋಣ, ಕಾರ್ಬನ್ ದುಡ್ಡು ಬರುತ್ತದೆ." ಮೊದಲ ತಪ್ಪು ಅದೇ. ನೀರು ನಿಲ್ಲಿಸಿದ್ದಕ್ಕೆ ಕ್ರೆಡಿಟ್ ಇಲ್ಲ. ಬೋರ್‌ವೆಲ್ಲಿನಲ್ಲಿ ನೀರು ಮೇಲೆ ಬಂದರೂ ಇಲ್ಲ. ನಮ್ಮಂಥ ಊರಿನ ಮಟ್ಟಿಗೆ ಮರ ಬೆಳೆದು ಇಂಗಾಲ ಹಿಡಿದಿಡಬೇಕು, ಇಲ್ಲವೇ ಸುಡುವುದು ಕಡಿಮೆಯಾಗಬೇಕು. ಹಾಗಾಗಿ ನಾವು ದಾರಿಯನ್ನು ತಿರುಗಿಸಿಕೊಂಡೆವು. ಬದುವಿನ ಮೇಲೆ ಮರ, ಮರದ ದುಡ್ಡಿನಲ್ಲಿ ಕಾಲುವೆ ಮತ್ತು ಕೋಡಿಯ ರಿಪೇರಿ.

ಬಯೋಗ್ಯಾಸ್ ಬಗ್ಗೆಯೂ ಯೋಚಿಸಿದ್ದೆವು. 2 ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ, ಅಷ್ಟೇ ನೀರು ಬೇಕು. ನಮ್ಮಲ್ಲಿ ಬಹಳ ಮನೆಯಲ್ಲಿ ಒಂದು ಸೀಮೆಹಸು, ನಾಲ್ಕು ಮೇಕೆ. ಬೇಸಿಗೆಯಲ್ಲಿ ಕುಡಿಯೋಕೇ ಟ್ಯಾಂಕರ್ ಕಾಯುವ ಊರು. ಬಿಟ್ಟೆವು.

ಮರದ ಲೆಕ್ಕವನ್ನು ಒಂದು ಸಂಜೆ ಅರಳಿಕಟ್ಟೆ ಮೇಲೆ ಕೂತು ಮಾಡಿದೆವು. ಬೇರೂ ಸೇರಿ 100 ಕೆ.ಜಿ. ಒಣ ತೂಕದ ಹೊಂಗೆ ಮರ ಎಂದುಕೊಳ್ಳಿ. ಅದರಲ್ಲಿ ಇಂಗಾಲ ಸುಮಾರು 47 ಕೆ.ಜಿ. ಇಂಗಾಲದ ತೂಕವನ್ನು ಡೈಆಕ್ಸೈಡಿನ ತೂಕಕ್ಕೆ ತಿರುಗಿಸಲು 3.67ರಿಂದ ಗುಣಿಸಿದರೆ ಸುಮಾರು 172 ಕೆ.ಜಿ. ಡೈಆಕ್ಸೈಡ್. ಅಂದರೆ ಒಂದು ಕ್ರೆಡಿಟ್ಟಿಗೆ ಇಂಥ ಆರು ಮರ. ನಮ್ಮೂರೊಂದರ ಬದುಗಳಲ್ಲಿ 3,000 ಮರ ಉಳಿದು, ಹತ್ತು ವರ್ಷಕ್ಕೆ ಅಷ್ಟು ಬೆಳೆದರೆ 516 ಟನ್. ವರ್ಷಕ್ಕೆ ಐವತ್ತು ಚಿಲ್ಲರೆ. ಟನ್ನಿಗೆ 800 ರೂಪಾಯಿ ಸಿಕ್ಕಿತು ಅಂತಿಟ್ಟುಕೊಂಡರೂ ವರ್ಷಕ್ಕೆ 41 ಸಾವಿರ. ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಯಾಕೆಂದರೆ ಕ್ರೆಡಿಟ್ ಸಿಗುವ ಮುಂಚೆ ಹೊರಗಿನ ಆಡಿಟರ್ ಒಮ್ಮೆ ಬಂದು ಮರದ ಲೆಕ್ಕ ಪರಿಶೀಲಿಸಿ ಹೋಗುವ ಖರ್ಚೇ ಲಕ್ಷಗಳಲ್ಲಿ ಇರುತ್ತದೆ. ಊರು ಚಿಕ್ಕದು ಅಂತ ಆ ಖರ್ಚು ಚಿಕ್ಕದಾಗಲ್ಲ.

ಹೀಗಾಗಿ ಒಂಟಿಯಾಗಿ ಹೋಗುವ ಮಾತೇ ಇಲ್ಲ ಎಂದಾಯಿತು. ಒಂದೇ ಹಳ್ಳದ ನೀರಿಗೆ ಸೇರಿದ ಅಕ್ಕಪಕ್ಕದ ಊರುಗಳನ್ನು ಒಟ್ಟು ಮಾಡಿದೆವು. ಆಮೇಲೆ ಇಂಥ ಗುಂಪುಗಳನ್ನು ಕೂಡಿಸಿ ಯೋಜನೆ ನಡೆಸುವ ಸಂಸ್ಥೆಯೊಂದರ ಜೊತೆ ಸೇರಿಕೊಂಡೆವು. ಎಲ್ಲರದೂ ಒಂದೇ ದಾಖಲೆ, ಒಂದೇ ಆಡಿಟ್, ಖರ್ಚು ಹಂಚಿಕೆ.

ಇಷ್ಟರ ಮಧ್ಯೆ ಒಬ್ಬ ದಲ್ಲಾಳಿ ಬಂದಿದ್ದ. ಕೈಯಲ್ಲಿ ಇಂಗ್ಲಿಷ್ ಕರಾರು, ಬೆಲೆಯ ಜಾಗ ಖಾಲಿ. "ಸೈನ್ ಹಾಕಿ, ಆಮೇಲೆ ತುಂಬೋಣ" ಎಂದ. ಅರ್ಧ ಜನ ಪೆನ್ನು ಹಿಡಿದಿದ್ದರು. ತಡೆದಿದ್ದು ಹಾಲಿನ ಡೇರಿ ನಡೆಸುವ ಅಜ್ಜಿ: "ಫ್ಯಾಟ್ ನೋಡ್ದೆ ಹಾಲು ಹಾಕಿಸ್ಕೋತೀನಾ ನಾನು?" ಕರಾರನ್ನು ಕನ್ನಡದಲ್ಲಿ ಬರೆಸಿ, ಗ್ರಾಮಸಭೆಯಲ್ಲಿ ಓದಿಸಿ, ಕನಿಷ್ಠ ಬೆಲೆ ಹಾಕಿಸದೆ ಸಹಿ ಮಾಡಬೇಡಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. 2008ರಲ್ಲಿ 20 ಯೂರೋ ಆಸುಪಾಸಿನಲ್ಲಿದ್ದ ಸಿಡಿಎಂ ಕ್ರೆಡಿಟ್ 2012ರ ಕೊನೆಗೆ ಒಂದು ಯೂರೋಗಿಂತ ಕೆಳಗೆ ಬಿದ್ದಿತ್ತು. ಟೊಮೆಟೊ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಅತಿ ಜಾಸ್ತಿ ಕಾಲ ತಿಂದಿದ್ದು ಗಿಡವಲ್ಲ, ಪಹಣಿ. ಜಮೀನು ಯಾರ ಹೆಸರಲ್ಲಿದೆಯೋ ಅವರೇ ಸಹಿ ಹಾಕಬೇಕು. ನಮ್ಮಲ್ಲಿ ಎಷ್ಟೋ ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದೆ. ಪೌತಿ ಖಾತೆ ಮಾಡಿಸೋಣ ಅಂದರೆ ಅಣ್ಣತಮ್ಮಂದಿರ ಹಳೇ ಜಗಳ ಎದ್ದು ಕೂರುತ್ತದೆ. ಬೆಂಗಳೂರಿಗೆ ಹೋದ ತಮ್ಮ ಫೋನ್ ಎತ್ತಲ್ಲ. ಕಚೇರಿಗೆ ಅಲೆದು ನನ್ನ ಚಪ್ಪಲಿ ಸವೆಯಿತು. ಕೆಲವು ಜಮೀನನ್ನು ಕೈಬಿಟ್ಟೆವು. ಗೋಮಾಳದಲ್ಲಿ ನೆಡೋಣ ಎಂದು ಹಿರಿಯರಿಗೆ ಆಸೆ. ಆದರೆ ಅದು ಸರ್ಕಾರದ ನೆಲ, ಅಲ್ಲಿನ ಇಂಗಾಲವನ್ನು ನಾವು ಮಾರುವುದು ಹೇಗೆ? ಇನ್ನೊಬ್ಬರು ಇದ್ದ ಕುರುಚಲು ಕಾಡನ್ನು ಸವರಿ ಗಿಡಕ್ಕೆ ಜಾಗ ಮಾಡಿಟ್ಟಿದ್ದರು. ಕ್ರೆಡಿಟ್ಟಿಗೆ ಮಾನ್ಯತೆ ಕೊಡುವ ವೆರಾ ಸಂಸ್ಥೆಯ ವಿಸಿಎಸ್ ಎಂಬ ನಿಯಮಾವಳಿಯ ಪ್ರಕಾರ ಹಿಂದಿನ ಹತ್ತು ವರ್ಷದಲ್ಲಿ ಸಹಜ ಕಾಡು ತೆಗೆದ ನೆಲ ನಡೆಯಲ್ಲ. ಪಾಪ, ಒಳ್ಳೆ ಮನಸ್ಸಿನಿಂದಲೇ ಮಾಡಿದ್ದರು.

ಹೊಂಗೆ, ಬೇವು, ಹುಣಸೆ, ನೇರಳೆ, ಹಲಸು ನೆಟ್ಟೆವು. ಕ್ರೆಡಿಟ್ ಬರುವುದು ಮರ ಬೆಳೆದ ಮೇಲೆ, ಗಿಡಕ್ಕೆ ನೀರು ಬೇಕಾಗಿರುವುದು ಇವತ್ತು. ಈ ನಡುವಿನ ವರ್ಷಗಳನ್ನು ದಾಟುವುದೇ ಕಷ್ಟ. ನಾವು ಕೊಳ್ಳುವವರಿಂದ ಸ್ವಲ್ಪ ಮುಂಗಡ ತೆಗೆದುಕೊಂಡೆವು. ಅದಕ್ಕೆ ಬದಲಾಗಿ ಕಡಿಮೆ ಬೆಲೆಗೆ ಒಪ್ಪಬೇಕಾಯಿತು. ಮುಂಗಡ ಹೋಗಿದ್ದು ಎರಡು ಬೇಸಿಗೆಯ ನೀರಿಗೆ. ಗಾಡಿಯ ಮೇಲೆ ಡ್ರಮ್ಮು, ಗಿಡಕ್ಕೊಂದು ತೂತು ಮಡಕೆ, ಮೇಕೆಗೆ ಅಡ್ಡ ಜಾಲಿಮುಳ್ಳು. ಆದರೂ ಎರಡನೇ ಬೇಸಿಗೆಯಲ್ಲಿ ಯಾರೋ ಬದುವಿಗೆ ಹಾಕಿದ ಬೆಂಕಿ ಗಾಳಿಗೆ ಹಬ್ಬಿ ಮೂರು ಹೊಲದ ಗಿಡ ಸುಟ್ಟುಹೋದವು. ಪುಸ್ತಕದಲ್ಲಿ ಸುಟ್ಟುಹೋಗಿದೆ ಎಂದೇ ಬರೆದೆ. "ಇದೆ ಅಂತ ಹಾಕಪ್ಪ, ಮತ್ತೆ ನೆಡ್ತೀವಲ್ಲ" ಎಂದರು ಊರವರು. ಹಾಕಲಿಲ್ಲ. ಹೀಗೆ ಮರ ಹೋದಾಗ ಆಗುವ ನಷ್ಟ ತುಂಬಿಕೊಳ್ಳೋಕೇ ವಿಸಿಎಸ್‌ನಲ್ಲಿ ಎಲ್ಲರ ಕ್ರೆಡಿಟ್ಟಿನಲ್ಲೂ ಒಂದು ಪಾಲನ್ನು ಬಫರ್ ಎಂದು ತೆಗೆದಿಡುತ್ತಾರೆ, ಅದನ್ನು ಮಾರುವಂತಿಲ್ಲ. ಬಿತ್ತನೆಗೆ ಎತ್ತಿಟ್ಟ ರಾಗಿ ಇದ್ದ ಹಾಗೆ ಎಂದು ವಿವರಿಸಿದೆ, ಒಪ್ಪಿದರು.

ನರೇಗಾದ ಬದು, ಟ್ರೆಂಚಿನ ಖರ್ಚಿಗೆ ಒಂದು ಪುಸ್ತಕ, ಗಿಡದ ಖರ್ಚಿಗೆ ಇನ್ನೊಂದು. ಕಾರ್ಬನ್ ದುಡ್ಡು ಇಲ್ಲದಿದ್ದರೂ ಮರ ಬೆಳೆಯುತ್ತಿತ್ತಾ ಎಂದು ಆಡಿಟರ್ ಕೇಳಿಯೇ ಕೇಳುತ್ತಾರೆ. ಲೆಕ್ಕ ಕಲಸಿಹೋಗಿದ್ದರೆ ಉತ್ತರ ಕೊಡಲಾಗಲ್ಲ.

ಅಳೆಯುವ ಕೆಲಸ ಖುಷಿಯದು. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಮರದ ಸುತ್ತಳತೆ ಹಿಡಿಯಬೇಕು, ತೂಕದ ಅಂದಾಜು ಅದರಿಂದಲೇ. ಒಂದು ಬಿದಿರುಕೋಲಿಗೆ ಆ ಎತ್ತರದಲ್ಲಿ ಕೆಂಪು ಬಣ್ಣ ಬಳಿದುಕೊಂಡೆವು. ಟೇಪು ಹಿಡಿದವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಮೊಬೈಲಿನಲ್ಲಿ ಜಿಪಿಎಸ್ ಫೋಟೋ ತೆಗೆದಿದ್ದು ಪಿಯುಸಿ ಹುಡುಗರು.

ಐದನೇ ವರ್ಷದ ಅಳತೆಗೆ ಬಂದ ದುಡ್ಡು ನಿರಾಸೆ ತರುವಷ್ಟು ಕಡಿಮೆ. ಎಳೆ ಮರದಲ್ಲಿ ತೂಕ ಎಲ್ಲಿಂದ ಬರಬೇಕು? ಆಡಿಟ್ ಖರ್ಚು, ಮುಂಗಡ, ಬಫರ್ ಎಲ್ಲ ಕಳೆದು ಮನೆಮನೆಗೆ ಹಂಚಿದರೆ ಒಂದು ಮೂಟೆ ಹಿಂಡಿಯೂ ಬರುತ್ತಿರಲಿಲ್ಲ. ಹಂಚಲೇಬೇಕು ಎಂದು ಒಂದು ಗುಂಪು, ಕಾಲುವೆಗೆ ಹಾಕೋಣ ಎಂದು ಇನ್ನೊಂದು. ಮೂರು ಸಭೆ ಮುರಿದುಬಿತ್ತು. ಕೊನೆಗೆ ಈ ಕಂತು ಪೂರ್ತಿ ಕಾಲುವೆಗೆ, ಮುಂದಿನದರಿಂದ ಅರ್ಧ ಮರದ ಯಜಮಾನರಿಗೆ ಎಂದಾಯಿತು. ಮುಚ್ಚಿದ್ದ ಮೂರು ಕಡೆಯಲ್ಲಿ ಎರಡು ಬಿಡಿಸಿದೆವು. ಮೂರನೆಯದರ ಮೇಲೆ ಒಬ್ಬರು ಕೊಟ್ಟಿಗೆ ಕಟ್ಟಿಕೊಂಡಿದ್ದಾರೆ. ಅದಕ್ಕೆ ದುಡ್ಡಿಗಿಂತ ಮಾತು ಜಾಸ್ತಿ ಬೇಕು, ಮಾತು ಇನ್ನೂ ನಡೆಯುತ್ತಿದೆ.